ಓದುಗರ ಪ್ರಶ್ನೆ, ವಕೀಲರ ಉತ್ತರ: ಸ್ಫೋಟದ ಸುದ್ದಿಯಲ್ಲಿ ಸಾಹಿತಿಯ ಹೆಸರು

ಪ್ರಶ್ನೆ: ನಾನು ಕಲಬುರಗಿಯಲ್ಲಿ ನೆಲೆಸಿರುವ ಕಥೆಗಾರ. ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದವನು, ವಯಸ್ಸು 63. ಬೇರೆ ರಾಜ್ಯದ ನಗರವೊಂದರಲ್ಲಿ ನಡೆದ ಬಾಂಬ್ ಸ್ಫೋಟದ ಪ್ರಕರಣದಲ್ಲಿ ಬಂಧಿತನಾದ ಯುವಕನ ಬಾಡಿಗೆ ಕೋಣೆಯಲ್ಲಿ ನನ್ನ ಕಥಾಸಂಕಲನದ ಪ್ರತಿಯೊಂದು ಸಿಕ್ಕಿದೆ. ಅದರ ಮೊದಲ ಪುಟದಲ್ಲಿ ನನ್ನ ಸಹಿಯೂ ಮೊಬೈಲ್ ಸಂಖ್ಯೆಯೂ ಇದ್ದವು. ಪುಸ್ತಕ ಮೇಳದಲ್ಲಿ ಕೇಳಿದವರಿಗೆಲ್ಲ ಹಾಗೆ ಬರೆದುಕೊಟ್ಟಿದ್ದೇನೆ. ಆ ಯುವಕನ ಮುಖ ನನಗೆ ನೆನಪಿಲ್ಲ. ಪೊಲೀಸರು ಲಿಖಿತ ನೋಟಿಸ್ ಕೊಟ್ಟು ಠಾಣೆಗೆ ಕರೆಸಿ, ವಿಚಾರಿಸಿ, ಮರ್ಯಾದೆಯಿಂದಲೇ ಕಳುಹಿಸಿಕೊಟ್ಟರು. ಅದಾದ ಕೆಲವೇ ದಿನಗಳಲ್ಲಿ ದಿನಪತ್ರಿಕೆಯೊಂದರ ಮುಖಪುಟದಲ್ಲಿ ನನ್ನ ಭಾವಚಿತ್ರದೊಂದಿಗೆ ‘ಸ್ಫೋಟ: ಕಲಬುರಗಿ ಸಾಹಿತಿಗೆ ನಂಟು?’ ಎಂಬ ವರದಿ ಬಂತು. ಆರೋಪಿ ನನ್ನ ಮನೆಯಲ್ಲಿ ತಂಗಿದ್ದನೆಂದೂ, ಅವನಿಂದ ನನ್ನ ಖಾತೆಗೆ ಹಣ ಬಂದಿದೆಯೆಂದೂ, ವಿಚಾರಣೆಯ ಬಳಿಕ ನಾನು ನಾಪತ್ತೆಯಾಗಿದ್ದೇನೆಂದೂ ಅದರಲ್ಲಿ ‘ಮೂಲಗಳು ತಿಳಿಸಿವೆ’. ಸಂಜೆಯ ಹೊತ್ತಿಗೆ ಸುದ್ದಿವಾಹಿನಿಯೊಂದು ನನ್ನ ಮನೆಯ ಗೇಟನ್ನು ತೋರಿಸುತ್ತ ಅದನ್ನೇ ಹೇಳಿತು. ಸಂಪಾದಕರಿಗೆ ಫೋನ್ ಮಾಡಿದರೆ ‘ನಿಮ್ಮ ಸ್ಪಷ್ಟನೆ ಕಳುಹಿಸಿ, ಹಾಕೋಣ’ ಎಂದರು. ಆಪ್ತರು ‘ಸುಮ್ಮನಿದ್ದುಬಿಡಿ ಸರ್, ಮಾತಾಡಿದಷ್ಟೂ ಬೆಳೆಯುತ್ತದೆ, ಸತ್ಯ ತಾನಾಗಿ ಹೊರಬರುತ್ತದೆ’ ಎನ್ನುತ್ತಿದ್ದಾರೆ. ಸ್ಪಷ್ಟನೆಯ ಕರಡು, ಪೊಲೀಸ್ ನೋಟಿಸಿನ ಪ್ರತಿ, ಬ್ಯಾಂಕಿನ ಕಾಗದಗಳು ಇದರೊಂದಿಗೆ ಇವೆ. ವರದಿ ಬಂದು ಮೂರು ವಾರ ಕಳೆದಿದೆ. ನಾನೇನು ಮಾಡಬೇಕು?
(ಹೆಸರು ಬೇಡ, ಕಲಬುರಗಿ)

ಉತ್ತರ: ಸುಮ್ಮನಿರಬೇಡಿ. ಆದರೆ ನೀವು ಬರೆದಿರುವ ಸ್ಪಷ್ಟನೆಯನ್ನು ಹಾಗೆಯೇ ಕಳುಹಿಸಲೂ ಬೇಡಿ.

ಮೊದಲು ಪೊಲೀಸ್ ನೋಟಿಸಿನ ವಿಷಯ, ಏಕೆಂದರೆ ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಯುಳ್ಳ ಕಾಗದ ಅದೇ. ನೀವು ಕಳುಹಿಸಿದ ಪ್ರತಿಯಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ನಮೂದಾಗಿದೆ. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 160ನೇ ಕಲಮಿನ ಜಾಗದಲ್ಲಿ ಬಂದದ್ದು. ಪ್ರಕರಣದ ಸಂಗತಿಗಳು ಗೊತ್ತಿರಬಹುದಾದ ವ್ಯಕ್ತಿಯನ್ನು ಸಾಕ್ಷಿಯಾಗಿ ಕರೆಯಲು ತನಿಖಾಧಿಕಾರಿಗೆ ಇರುವ ಅಧಿಕಾರ. ಯಾರ ಮೇಲೆ ಅಪರಾಧದ ಸಕಾರಣ ಅನುಮಾನವಿದೆಯೋ ಅವರನ್ನು ಬಂಧಿಸದೆ ಕರೆಸುವಾಗ ಕೊಡುವ ನೋಟಿಸ್ ಬೇರೆ. ಅದು 35ನೇ ಕಲಮಿನ 3ನೇ ಉಪಕಲಮಿನ ಅಡಿಯಲ್ಲಿ ಬರುತ್ತದೆ. ಅಂದರೆ ಕಾಗದದ ಮೇಲೆ ನೀವು ಸಾಕ್ಷಿ, ಶಂಕಿತರಲ್ಲ. ಪತ್ರಿಕೆಯ ವರದಿಯಲ್ಲಿ ಈ ಒಂದು ಸಂಗತಿ ಎಲ್ಲಿಯೂ ಇಲ್ಲ. ಇನ್ನೊಂದು ವಿಷಯವನ್ನೂ ತಿಳಿದಿರಿ: ಅದೇ 179ನೇ ಕಲಮಿನ ಪ್ರಕಾರ 60 ವರ್ಷ ಮೀರಿದ ಪುರುಷರನ್ನು ಅವರು ವಾಸವಿರುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರಾಗಿ ಠಾಣೆಗೆ ಬರಲು ಒಪ್ಪಿದರೆ ಬರಬಹುದು. ನೀವು ಒಪ್ಪಿ ಹೋದಿರಿ, ಅದರಿಂದ ಬಾಧಕವಿಲ್ಲ. ಮುಂದೆ ಮತ್ತೆ ಕರೆ ಬಂದರೆ ಮನೆಯಲ್ಲೇ ಹೇಳಿಕೆ ಪಡೆಯಿರಿ ಎಂದು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ. ತನಿಖೆಯ ಹಂತದಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕುವ ಅಗತ್ಯವಿಲ್ಲ ಎಂಬುದನ್ನೂ ನೆನಪಿಡಿ. 181ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟು ಹೇಳಿದ್ದು ಧೈರ್ಯ ತುಂಬಲು ಮಾತ್ರವಲ್ಲ, ಎಚ್ಚರಿಸಲು ಕೂಡ. ಇಂಥ ಪ್ರಕರಣಗಳಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ, ಅನ್ವಯವಾಗಿರುತ್ತದೆ. ಆ ಕಾಯ್ದೆಯ ಅಪರಾಧಗಳಿಗೆ ನಿರೀಕ್ಷಣಾ ಜಾಮೀನು ಇಲ್ಲವೆಂದು 43ಡಿ ಕಲಮಿನ 4ನೇ ಉಪಕಲಂ ಹೇಳುತ್ತದೆ, ಬಂಧನದ ನಂತರದ ಜಾಮೀನೂ ಸುಲಭವಲ್ಲ. ಆದ್ದರಿಂದ ಪೊಲೀಸರ ಮುಂದೆ ಹೇಳಿದ್ದನ್ನು ಪತ್ರಕರ್ತರ ಮುಂದೆ ಬೇರೆ ಮಾತುಗಳಲ್ಲಿ ಹೇಳುವುದು, ಆರೋಪಿಯ ಬಗ್ಗೆ ಊಹೆ ಮಾಡಿ ಮಾತಾಡುವುದು, ಮೈಕು ಹಿಡಿದು ಬಂದವರಿಗೆ ಗೇಟಿನಲ್ಲಿ ನಿಂತು ಉತ್ತರಿಸುವುದು, ಇವು ಯಾವುವೂ ಬೇಡ. ನೀವು ನಿರಾಕರಿಸಬೇಕಾದದ್ದು ಬರಹದಲ್ಲಿ, ದಿನಾಂಕ ಹಾಕಿ, ಒಮ್ಮೆ, ಸರಿಯಾದ ವಿಳಾಸಕ್ಕೆ. ಕಳುಹಿಸುವ ಮುನ್ನ ಅಪರಾಧ ಪ್ರಕರಣಗಳನ್ನು ನಡೆಸುವ ಸ್ಥಳೀಯ ವಕೀಲರೊಬ್ಬರಿಗೆ ಆ ಬರಹವನ್ನು ತೋರಿಸಿ.

ಈಗ ನಿಮ್ಮ ಕರಡಿಗೆ ಬರುತ್ತೇನೆ. ಅದು ಸುಮಾರು ಎರಡು ಪುಟವಿದೆ. ಅದರ ಬಹುಪಾಲಿನಲ್ಲಿ ನಿಮ್ಮ ತಂದೆಯವರು ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಪಾಲ್ಗೊಂಡದ್ದು, 1948ರ ಸೆಪ್ಟೆಂಬರ್ 17ರ ನೆನಪುಗಳು, ನಿಮಗೆ ಬಂದ ಪ್ರಶಸ್ತಿಗಳು, ಬಸವಣ್ಣನವರಲ್ಲಿಯೂ ಬಂದೇ ನವಾಜರಲ್ಲಿಯೂ ನಿಮಗಿರುವ ಗೌರವ, ನಿಮ್ಮ ಕಥೆಗಳಲ್ಲಿ ಹಿಂಸೆಯ ವಿರುದ್ಧ ಬರೆದ ಭಾಗಗಳು ಬರುತ್ತವೆ. ಪತ್ರಿಕೆ ಬರೆದ ಮೂರು ಸುಳ್ಳುಗಳ ಬಗ್ಗೆ ಇರುವುದು ಕೊನೆಯ ಒಂದೇ ವಾಕ್ಯ: ‘ವರದಿಯಲ್ಲಿನ ಆರೋಪಗಳೆಲ್ಲ ನಿರಾಧಾರ’. ಇದನ್ನು ತಲೆಕೆಳಗು ಮಾಡಿ. ಆ ಒಂದು ವಾಕ್ಯವೇ ಇಡೀ ಪತ್ರವಾಗಬೇಕು, ಉಳಿದದ್ದೆಲ್ಲ ಹೋಗಬೇಕು.

ಇದನ್ನು ಕೇಳಿ ನಿಮಗೆ ನೋವಾಗಬಹುದು. ತಂದೆಯವರ ಹೆಸರನ್ನು ಕಾಟು ಹಾಕಿ ಎಂದು ಹೇಳುವುದು ನನಗೂ ಸುಲಭವಲ್ಲ. ಕಾರಣ ಎರಡಿವೆ. ನೀವು ಒಳ್ಳೆಯವರು ಎಂಬ ಪ್ರಮಾಣ ಪತ್ರ ಎಷ್ಟು ಉದ್ದವಿದ್ದರೂ ‘ಆರೋಪಿ ಇವರ ಮನೆಯಲ್ಲಿ ತಂಗಿದ್ದ’ ಎಂಬ ವಾಕ್ಯ ಅದರಿಂದ ಅಳಿಸುವುದಿಲ್ಲ, ಓದುಗನ ಮನಸ್ಸಿನಲ್ಲಿ ಎರಡೂ ಒಟ್ಟಿಗೆ ಉಳಿಯುತ್ತವೆ. ಎರಡನೆಯದು ನನಗೆ ಇನ್ನೂ ಮುಖ್ಯ. ಪ್ರಶಸ್ತಿಯೇ ಬಾರದ, ಸ್ವಾತಂತ್ರ್ಯ ಹೋರಾಟಗಾರ ತಂದೆಯಿಲ್ಲದ, ಚಿತ್ತಾಪುರದ ಕಲ್ಲುಗಣಿಯಲ್ಲಿ ಕೂಲಿ ಮಾಡುವ ಮನುಷ್ಯನ ಬಗ್ಗೆಯೂ ಪತ್ರಿಕೆ ಸುಳ್ಳು ಬರೆಯುವಂತಿಲ್ಲ. ದೇಶನಿಷ್ಠೆಯನ್ನು ಸಾಬೀತು ಮಾಡುವ ಹೊರೆಯನ್ನು ನೀವಾಗಿ ಹೊತ್ತುಕೊಂಡರೆ, ಬರೆದದ್ದಕ್ಕೆ ಆಧಾರ ತೋರಿಸುವ ಹೊರೆ ಪತ್ರಿಕೆಯ ಹೆಗಲಿನಿಂದ ಇಳಿದುಹೋಗುತ್ತದೆ.

ಪತ್ರ ಹೀಗಿರಲಿ. ವರದಿಯ ವಾಕ್ಯವನ್ನು ಇದ್ದಂತೆಯೇ ಉದ್ಧರಿಸಿ, ಅದು ಸುಳ್ಳೆಂದು ಹೇಳಿ, ಕೂಡಲೇ ದಾಖಲೆಯನ್ನು ತೋರಿಸಿ. ನೀವು ಕಳುಹಿಸಿದ ಕಾಗದಗಳಿಂದಲೇ ಒಂದು ಉದಾಹರಣೆ ಕೊಡುತ್ತೇನೆ: ‘ತಮ್ಮ ಪತ್ರಿಕೆಯ ಇಂಥ ದಿನಾಂಕದ ಸಂಚಿಕೆಯ ಮೊದಲ ಪುಟದಲ್ಲಿ, ವರದಿಯ ನಾಲ್ಕನೆಯ ಪ್ಯಾರಾದಲ್ಲಿ, ನಾನು ವಿಚಾರಣೆಯ ಬಳಿಕ ನಾಪತ್ತೆಯಾಗಿದ್ದೇನೆ ಎಂದು ಪ್ರಕಟವಾಗಿದೆ. ಇದು ಸುಳ್ಳು. ವಿಚಾರಣೆಯ ಮರುದಿನ ಬೆಳಿಗ್ಗೆ ನಾನು ನನ್ನ ಬ್ಯಾಂಕ್ ಶಾಖೆಗೆ ಖುದ್ದಾಗಿ ಹೋಗಿ, ಬೆರಳಚ್ಚು ಕೊಟ್ಟು, ಪಿಂಚಣಿಯ ಜೀವಂತ ಪ್ರಮಾಣ ಪತ್ರ ಸಲ್ಲಿಸಿದ್ದೇನೆ. ದಿನಾಂಕ ಮತ್ತು ಸಮಯ ಮುದ್ರಿತವಾಗಿರುವ ಸ್ವೀಕೃತಿಯ ಪ್ರತಿ ಲಗತ್ತಿಸಿದೆ. ಅಂದಿನಿಂದ ಇಂದಿನವರೆಗೆ ನಾನು ನೋಟಿಸಿನಲ್ಲಿರುವ ವಿಳಾಸದಲ್ಲಿಯೇ ಇದ್ದೇನೆ.’ ಇದರಲ್ಲಿ ಒಂದು ವಿಶೇಷಣವೂ ಇಲ್ಲ, ಸಿಟ್ಟೂ ಇಲ್ಲ. ಸಂಪಾದಕರು ಅಲ್ಲಗಳೆಯುವುದಾದರೆ ಆ ಸ್ವೀಕೃತಿಯನ್ನೇ ಅಲ್ಲಗಳೆಯಬೇಕು.

ಹಣದ ಮಾತೂ ಹಾಗೆಯೇ. ನಿಮ್ಮ ಖಾತೆಯ ವಿವರದಲ್ಲಿ ಆ ಯುವಕನ ಹೆಸರಿನಿಂದ ಬಂದಿರುವುದು ₹340, ಒಂದೇ ಸಲ, ಯುಪಿಐ ಮೂಲಕ, ಪುಸ್ತಕ ಮೇಳ ನಡೆದ ದಿನವೇ. ನಿಮ್ಮ ಸಂಕಲನಗಳ ಹಿಂಬದಿಯಲ್ಲಿ ಅಚ್ಚಾಗಿರುವ ಬೆಲೆಗಳ ಮೊತ್ತವೂ ಅದೇ ಆಗುತ್ತದೆ. ಹಣ ಬಂದೇ ಇಲ್ಲವೆಂದು ಬರೆದರೆ ನೀವೇ ಸುಳ್ಳು ಹೇಳಿದಂತಾಗುತ್ತದೆ. ನಾಳೆ ಯಾರಾದರೂ ಆ ಒಂದು ಸಾಲನ್ನು ಹಿಡಿದು ಇಡೀ ನಿರಾಕರಣೆಯನ್ನೇ ಬೀಳಿಸುತ್ತಾರೆ. ಬಂದದ್ದು ಎಷ್ಟು, ಎಂದು, ಏತಕ್ಕೆ ಎಂಬುದನ್ನು ಹೇಳಿ, ವರದಿಯು ಮೊತ್ತವನ್ನು ಮರೆಮಾಚಿ ‘ಹಣ ವರ್ಗಾವಣೆ’ ಎಂದಷ್ಟೇ ಬರೆದು ಓದುಗರನ್ನು ತಪ್ಪುದಾರಿಗೆ ಎಳೆದಿದೆ ಎಂದು ದಾಖಲಿಸಿ. ಖಾತೆ ಸಂಖ್ಯೆಯನ್ನೂ ಉಳಿದ ವ್ಯವಹಾರಗಳನ್ನೂ ಮರೆಮಾಡಿ ಪ್ರತಿ ಕೊಡಿ. ಮನೆಯಲ್ಲಿ ತಂಗಿದ್ದ ಎಂಬ ಮೂರನೆಯ ಆರೋಪಕ್ಕೆ ದಾಖಲೆ ತೋರಿಸಲಾಗದು, ಆಗದಿದ್ದುದಕ್ಕೆ ರಸೀದಿ ಇರುವುದಿಲ್ಲ. ಅಲ್ಲಿ ನಿರಾಕರಣೆ ಒಂದು ವಾಕ್ಯದಲ್ಲಿರಲಿ, ಪ್ರಕಟಣೆಗೆ ಮುನ್ನ ನನ್ನನ್ನು ಕೇಳಿದ್ದೀರಾ, ಯಾವ ದಿನ ತಂಗಿದ್ದನೆಂದು ನಿಮ್ಮ ಮೂಲ ಹೇಳಿತು ಎಂದು ಸಂಪಾದಕರನ್ನೇ ಕೇಳಿ.

ಇನ್ನು, ವರದಿಯಲ್ಲಿ ನಿಜವಾಗಿರುವ ಸಂಗತಿಯನ್ನು ಪ್ರಶ್ನಿಸಬೇಡಿ. ಪೊಲೀಸರು ನಿಮ್ಮನ್ನು ಕರೆಸಿದ್ದು ನಿಜ, ಪುಸ್ತಕ ಸಿಕ್ಕಿದ್ದು ನಿಜ. 1996ರ ಅಟ್ಲಾಂಟ ಒಲಿಂಪಿಕ್ಸ್ ವೇಳೆ ಉದ್ಯಾನವೊಂದರಲ್ಲಿ ಬಾಂಬ್ ಇದ್ದ ಚೀಲವನ್ನು ಗುರುತಿಸಿ ಜನರನ್ನು ದೂರ ಕಳುಹಿಸಿದ ಕಾವಲುಗಾರ ರಿಚರ್ಡ್ ಜ್ಯೂಯೆಲ್ ಅವರನ್ನೇ ಪತ್ರಿಕೆಗಳು ಶಂಕಿತನೆಂದು ಬರೆದವು. ಕೆಲವೇ ತಿಂಗಳಲ್ಲಿ ಅವರು ಸಂಪೂರ್ಣ ಅನುಮಾನಮುಕ್ತರಾದರು, ಕೆಲವು ಮಾಧ್ಯಮ ಸಂಸ್ಥೆಗಳು ಹಣ ಕೊಟ್ಟು ರಾಜಿ ಮಾಡಿಕೊಂಡವು. ಆದರೆ ಮೊದಲು ಸುದ್ದಿ ಒಡೆದ ಸ್ಥಳೀಯ ಪತ್ರಿಕೆ ರಾಜಿಗೆ ಬರಲಿಲ್ಲ, ಮೊಕದ್ದಮೆಯಲ್ಲಿ ಕೊನೆಗೆ ಪತ್ರಿಕೆಯೇ ಗೆದ್ದಿತು; ತನಿಖಾ ಸಂಸ್ಥೆಗೆ ಆ ಹೊತ್ತಿನಲ್ಲಿ ಅವರ ಮೇಲೆ ಅನುಮಾನವಿದ್ದುದು ನಿಜವೆಂಬುದೇ ಅದರ ರಕ್ಷಣೆಯಾಯಿತು. ಆ ತೀರ್ಪು ಬರುವ ಹೊತ್ತಿಗೆ ಜ್ಯೂಯೆಲ್ ತೀರಿಹೋಗಿದ್ದರು. ಅದು ಅಮೆರಿಕದ ಕಾನೂನು, ನಮ್ಮದು ಬೇರೆ. ಆದರೂ ಸುಳ್ಳು ವಾಕ್ಯವನ್ನೂ ನೋಯಿಸುವ ನಿಜವಾಕ್ಯವನ್ನೂ ಬೇರ್ಪಡಿಸಿಕೊಳ್ಳದೆ ಹೋರಾಟಕ್ಕಿಳಿದವರು ಎಲ್ಲಿಯೂ ಸೋಲುತ್ತಾರೆ.

ಒಂದೇ ಸಂಗತಿಯನ್ನು ಖಚಿತವಾಗಿ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್ ಅವರದು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು; ಎರಡೇ ದಿನದಲ್ಲಿ ಅವರನ್ನು ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬರಿಗೆ ಕೊಟ್ಟು ಬಂದದ್ದೇ ಆರೋಪಕ್ಕೆ ಆಧಾರ. ಆ ಸಿಮ್ ಗ್ಲಾಸ್ಗೋದ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿಯೇ ಹೇಳಲಾಯಿತು, ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ವಾಸ್ತವವಾಗಿ ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ, ಆ ಸಂಬಂಧಿಯ ಬಳಿ. ಈ ಒಂದು ಸಂಗತಿಯನ್ನು ಹೊರಗೆಡವಿದ್ದೂ ಪತ್ರಕರ್ತರೇ. ಹನೀಫ್ ಪರ ವಕೀಲರು ಪೊಲೀಸ್ ವಿಚಾರಣೆಯ ಪೂರ್ಣ ಬರಹರೂಪವನ್ನು ಪತ್ರಿಕೆಯೊಂದಕ್ಕೆ ಕೊಟ್ಟರು, ಪೊಲೀಸರು ಹೇಳಿದ್ದಕ್ಕೂ ಹನೀಫ್ ಉತ್ತರಿಸಿದ್ದಕ್ಕೂ ಇದ್ದ ಅಂತರವನ್ನು ಜನರೇ ಓದಿ ತಿಳಿದರು. ಜುಲೈ 27ರಂದು ಆರೋಪವನ್ನು ಹಿಂಪಡೆಯಲಾಯಿತು, 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು. ಹನೀಫ್ ಎಷ್ಟು ಒಳ್ಳೆಯ ವೈದ್ಯರು ಎಂಬ ಸಾಕ್ಷ್ಯಗಳು ಆ ದಿನಗಳಲ್ಲಿ ಬೇಕಾದಷ್ಟಿದ್ದವು. ಪ್ರಕರಣ ಕುಸಿದದ್ದು ಅವುಗಳಿಂದಲ್ಲ, ಸಿಮ್ ಎಲ್ಲಿತ್ತು ಎಂಬುದರಿಂದ. ಅವರ ವಕೀಲರು ಮಾಡಿದಂತೆ ವಿಚಾರಣೆಯ ವಿವರವನ್ನು ಪತ್ರಿಕೆಗೆ ಕೊಡುವುದು ನಿಮ್ಮ ವಿಷಯದಲ್ಲಿ ಬೇಡ. ಅವರು ಬಂಧನದಲ್ಲಿದ್ದರು, ನೀವು ಸಾಕ್ಷಿಯಾಗಿ ಮನೆಯಲ್ಲಿದ್ದೀರಿ.

ಸತ್ಯ ತಾನಾಗಿ ಹೊರಬರುತ್ತದೆ ಎನ್ನುವ ಗೆಳೆಯರಿಗೆ ಇದೇ ಊರಿನ ಒಂದು ಪ್ರಕರಣವನ್ನು ನೆನಪಿಸಿ. 1994ರ ಜನವರಿಯಲ್ಲಿ ಗುಲ್ಬರ್ಗದ ಫಾರ್ಮಸಿ ವಿದ್ಯಾರ್ಥಿಯೊಬ್ಬರನ್ನು ರೈಲು ಸ್ಫೋಟದ ಪ್ರಕರಣಗಳಲ್ಲಿ ಬಂಧಿಸಲಾಯಿತು. ಸುಪ್ರೀಂ ಕೋರ್ಟ್ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದ್ದು 2016ರ ಮೇ ತಿಂಗಳಲ್ಲಿ. ಅವರ ಪ್ರಕರಣ ಬಂಧನದ್ದು, ನಿಮ್ಮದು ಬರೀ ವರದಿಯದು; ಎರಡನ್ನೂ ಸಮ ಮಾಡುತ್ತಿಲ್ಲ. ಸತ್ಯ ಹೊರಬರಲು ಯಾರಾದರೂ ವರ್ಷಗಟ್ಟಲೆ ಅರ್ಜಿ ಹಾಕುತ್ತಲೇ ಇರಬೇಕಾಗುತ್ತದೆ ಎಂಬುದನ್ನು ಕಲಬುರಗಿಯ ಜನರಿಗೆ ಬೇರೆ ಊರಿನವರು ಹೇಳಿಕೊಡಬೇಕಾಗಿಲ್ಲ.

ಪತ್ರ ಸಿದ್ಧವಾದ ಮೇಲೆ ಅದನ್ನು ಸಂಪಾದಕರ ಹೆಸರಿಗೇ ಕಳುಹಿಸಿ. ಪತ್ರಿಕೆಯಲ್ಲಿ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕ, ಪ್ರಕಾಶಕ ಮತ್ತು ಸಂಪಾದಕರ ಹೆಸರು, ವಿಳಾಸ ಅಚ್ಚಾಗಿರುತ್ತದೆ. ಸ್ಪೀಡ್ ಪೋಸ್ಟ್ ಮೂಲಕ ಒಂದು ಪ್ರತಿ, ಇಮೇಲ್ ಮೂಲಕ ಒಂದು ಪ್ರತಿ. ‘ನಿಮ್ಮ ಸ್ಪಷ್ಟನೆ ಹಾಕೋಣ’ ಎಂಬ ಅವರ ಮಾತಿಗೆ ಒಪ್ಪಿ ಸುಮ್ಮನಾಗಬೇಡಿ. ನಿಮ್ಮ ಸ್ಪಷ್ಟನೆ ಒಳಪುಟದಲ್ಲಿ ಬಂದರೆ ಅದು ನಿಮ್ಮ ಮಾತು ಮಾತ್ರ. ನಿಮಗೆ ಬೇಕಾದದ್ದು ‘ನಾವು ಪ್ರಕಟಿಸಿದ್ದು ತಪ್ಪು’ ಎಂಬ ಪತ್ರಿಕೆಯ ಮಾತು, ವರದಿ ಬಂದ ಪುಟದಲ್ಲಿಯೇ, ಭಾವಚಿತ್ರ ಹಾಕಿದ್ದಷ್ಟೇ ಎದ್ದು ಕಾಣುವಂತೆ. ಜಾಲತಾಣದಲ್ಲಿರುವ ವರದಿಗೂ ಅದೇ ತಿದ್ದುಪಡಿಯನ್ನು ಸೇರಿಸಬೇಕೆಂದು ಕೇಳಿ. ಉತ್ತರಕ್ಕೆ ಏಳು ದಿನದ ಗಡುವು ಕೊಡಿ.

ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. 1978ರ ಪತ್ರಿಕಾ ಮಂಡಳಿ ಕಾಯ್ದೆಯ 14ನೇ ಕಲಮಿನ ಅಡಿಯಲ್ಲಿ ಅದು ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಖಂಡಿಸಬಹುದು; ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ದಿನಪತ್ರಿಕೆಯ ವಿರುದ್ಧದ ದೂರು ಪ್ರಕಟಣೆಯ ದಿನದಿಂದ ಎರಡು ತಿಂಗಳೊಳಗೆ ಹೋಗಬೇಕು, ಸಂಪಾದಕರಿಗೆ ಮೊದಲು ಬರೆದದ್ದಕ್ಕೆ ಪುರಾವೆ ಇರಬೇಕು, ಇದೇ ವಿಷಯ ಯಾವ ನ್ಯಾಯಾಲಯದಲ್ಲಿಯೂ ಇಲ್ಲವೆಂಬ ಘೋಷಣೆಯೂ ಇರಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಸಿಟ್ಟಿನಲ್ಲಿ ಮೊದಲು ನ್ಯಾಯಾಲಯಕ್ಕೆ ಹೋದರೆ ಮಂಡಳಿಯ ಬಾಗಿಲು ಮುಚ್ಚುತ್ತದೆ. ಮಂಡಳಿಯ ತೀರ್ಮಾನಕ್ಕಾಗಿ ಕಾಯುತ್ತ ಕುಳಿತರೆ ನ್ಯಾಯಾಲಯದ ಗಡುವು ಮೀರುತ್ತದೆ, ಏಕೆಂದರೆ ಬರಹದ ಮೂಲಕ ಆದ ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಕಾಲಮಿತಿ ಪ್ರಕಟಣೆಯ ದಿನದಿಂದ ಒಂದೇ ವರ್ಷ. ಹನ್ನೊಂದನೆಯ ತಿಂಗಳಲ್ಲಿ ಕ್ಯಾಲೆಂಡರ್ ನೋಡುವಂತಾಗಬಾರದು. ನಿಮಗೆ ಮಂಡಳಿಯ ಗಡುವಿನಲ್ಲಿ ಇನ್ನು ಐದು ವಾರಗಳಷ್ಟು ಉಳಿದಿದೆ, ಆದ್ದರಿಂದ ಸಂಪಾದಕರ ಪತ್ರ ಈ ವಾರವೇ ಹೋಗಲಿ.

ಸಿವಿಲ್ ದಾವೆಗಾಗಿ ಪತ್ರಿಕೆಯ ಪ್ರಧಾನ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಹಾನಿ ಆದದ್ದು ಕಲಬುರಗಿಯಲ್ಲಿ, ಪತ್ರಿಕೆ ಇಲ್ಲಿ ಮಾರಾಟವಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮಿನ ಪ್ರಕಾರ ಇಲ್ಲಿನ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದು. ಕೇಳುವ ಪರಿಹಾರದ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕಾಗುತ್ತದೆ, ಆದ್ದರಿಂದ ಬಾಯಿಗೆ ಬಂದ ಕೋಟಿಗಳನ್ನು ಬರೆಯಬೇಡಿ. ಕ್ರಿಮಿನಲ್ ಮಾರ್ಗವೂ ಇದೆ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗಿನ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಇದಕ್ಕೆ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ನೀವೇ ಖಾಸಗಿ ದೂರು ಸಲ್ಲಿಸಬೇಕು. ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಎಂದು ಸೇರಿಸಿದ ಮಾತ್ರಕ್ಕೆ, ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟ ಮಾತ್ರಕ್ಕೆ ಪತ್ರಿಕೆಗೆ ರಕ್ಷಣೆ ಸಿಗುವುದಿಲ್ಲ. ಇನ್ನೊಬ್ಬರು ಹೇಳಿದ ಸುಳ್ಳನ್ನು ಅಚ್ಚು ಹಾಕುವುದೂ ಪ್ರಕಟಣೆಯೇ. ನ್ಯಾಯಾಲಯದ ಕಲಾಪವನ್ನು ನಿಷ್ಠೆಯಿಂದ ವರದಿ ಮಾಡಿದವರಿಗೆ ಕಾನೂನಿನಲ್ಲಿ ರಕ್ಷಣೆಯಿದೆ, ಹೆಸರಿಲ್ಲದ ಅಧಿಕಾರಿಯ ಫೋನ್ ಮಾತಿಗೆ ಆ ರಕ್ಷಣೆ ಇಲ್ಲ. ಹೀಗಿದ್ದರೂ ಸ್ಫೋಟದ ತನಿಖೆ ಮುಗಿಯುವ ಮುನ್ನ ಕ್ರಿಮಿನಲ್ ದೂರಿಗೆ ಕೈಹಾಕಬೇಡಿ ಎಂಬುದು ನನ್ನ ಸಲಹೆ. ನಿಮಗೆ ಬೇಕಾಗಿರುವುದು ತಿದ್ದುಪಡಿ. ವರದಿಗಾರನನ್ನು ಕಟಕಟೆಗೆ ಎಳೆದರೆ ಪತ್ರಿಕೆ ತನ್ನ ವರದಿಯನ್ನು ಸಮರ್ಥಿಸುವ ಹಟಕ್ಕೆ ಬೀಳುತ್ತದೆ.

ಸುದ್ದಿವಾಹಿನಿಗೆ ಪತ್ರಿಕಾ ಮಂಡಳಿಯ ವ್ಯಾಪ್ತಿ ಇಲ್ಲ. ವಾಹಿನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು, ತೃಪ್ತಿಯಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಮೂಲ ಪತ್ರಿಕೆಯ ಇಡೀ ಪುಟವನ್ನು, ಕತ್ತರಿಸಿದ ತುಂಡನ್ನಲ್ಲ, ಎತ್ತಿಡಿ. ಜಾಲತಾಣದ ಪುಟಗಳನ್ನೂ ವಿಡಿಯೊವನ್ನೂ ಕೊಂಡಿ ಮತ್ತು ಸಮಯ ಕಾಣುವಂತೆ ಉಳಿಸಿಕೊಳ್ಳಿ. ನ್ಯಾಯಾಲಯದಲ್ಲಿ ಅವುಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣ ಪತ್ರ ಬೇಕಾಗುತ್ತದೆ, ಯಾವ ಫೋನಿನಲ್ಲಿ ಉಳಿಸಿದಿರೋ ಆ ಫೋನನ್ನು ಮಾರಬೇಡಿ.

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ತಾಲ್ಲೂಕೊಂದರಲ್ಲಿ ಪತ್ರಿಕೆಯ ಅರೆಕಾಲಿಕ ವರದಿಗಾರ. ಸ್ಫೋಟದಂಥ ಪ್ರಕರಣದಲ್ಲಿ ಸ್ಥಳೀಯರೊಬ್ಬರ ಹೆಸರು ಕೇಳಿಬಂದರೆ ಡೆಸ್ಕಿನಿಂದ ಗಂಟೆಗೊಮ್ಮೆ ಫೋನ್ ಬರುತ್ತದೆ. ಪೊಲೀಸರು ಹೆಸರು ಹೇಳಬೇಡಿ ಎಂಬ ಷರತ್ತಿನ ಮೇಲೆ ಏನೋ ಒಂದಿಷ್ಟು ಹೇಳುತ್ತಾರೆ. ಶೀರ್ಷಿಕೆ ಕೊಡುವವರು ಬೇರೆ. ನಾಳೆ ನೋಟಿಸ್ ಬಂದರೆ ಹೊಣೆ ಯಾರದು?
(ಹೆಸರು ಬೇಡ, ಬಸವಕಲ್ಯಾಣ)

ಉತ್ತರ: 356ನೇ ಕಲಂ ಮಾನಹಾನಿಕರ ಆರೋಪವನ್ನು ಮಾಡಿದವರನ್ನೂ ಪ್ರಕಟಿಸಿದವರನ್ನೂ ಒಳಗೊಳ್ಳುತ್ತದೆ. ಪ್ರಕಟಿತ ವಿಷಯಕ್ಕೆ ಸಂಪಾದಕರು ಮೊದಲ ಹೊಣೆಗಾರರು, ಆದರೆ ಬೈಲೈನ್, ಅಂದರೆ ವರದಿಯೊಂದಿಗೆ ವರದಿಗಾರರ ಹೆಸರು, ಇದ್ದರೂ ಇಲ್ಲದಿದ್ದರೂ ಬರೆದವರು ನೀವೆಂದು ಸಾಬೀತಾದರೆ ನಿಮ್ಮನ್ನೂ ಸೇರಿಸಬಹುದು. ಶೀರ್ಷಿಕೆ ನಿಮ್ಮದಲ್ಲವೆಂದು ತೋರಿಸಲು ಇರುವ ಒಂದೇ ದಾರಿ, ನೀವು ಕಳುಹಿಸಿದ ಮೂಲ ಬರಹ ನಿಮ್ಮ ಬಳಿ ಇರುವುದು. ಫೋನಿನಲ್ಲಿ ಓದಿ ಹೇಳಬೇಡಿ, ಇಮೇಲ್ ಮಾಡಿ. ಡೆಸ್ಕ್ ಸೇರಿಸಿ ಎಂದದ್ದನ್ನು ಸೇರಿಸದಿರಲು ಕಾರಣವನ್ನೂ ಅದರಲ್ಲಿಯೇ ಬರೆಯಿರಿ.

ಪೊಲೀಸರ ಮಾತಿನ ಬಗ್ಗೆ ಹೇಳುವುದಾದರೆ, ಮಾಧ್ಯಮದ ಜೊತೆ ಮಾತನಾಡಲು ನಿಯೋಜಿತ ಅಧಿಕಾರಿಗಳೇ ಇರಬೇಕು, ತನಿಖೆಯ ಹಂತದಲ್ಲಿ ತೀರ್ಪಿನಂಥ ಮಾತುಗಳನ್ನು ಆಡಬಾರದು ಎಂದು ಕೇಂದ್ರ ಗೃಹ ಸಚಿವಾಲಯ 2010ರಲ್ಲಿಯೇ ರಾಜ್ಯಗಳಿಗೆ ಸಲಹಾಪತ್ರ ಕಳುಹಿಸಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರ ಮಾಧ್ಯಮ ವಿವರಣೆಗೆ ವಿಸ್ತೃತ ಕೈಪಿಡಿ ರೂಪಿಸುವಂತೆ ಅದೇ ಸಚಿವಾಲಯಕ್ಕೆ ಆದೇಶಿಸಿತು. ಪಕ್ಷಪಾತದ ವರದಿಗಾರಿಕೆ ಜನರಲ್ಲಿ ಅನುಮಾನ ಹುಟ್ಟಿಸುತ್ತದೆ ಎಂಬುದು ನ್ಯಾಯಾಲಯದ ಕಾಳಜಿಯಾಗಿತ್ತು. ಆದ್ದರಿಂದ ಹೆಸರು ಹೇಳಬೇಡಿ ಎನ್ನುವ ಅಧಿಕಾರಿ ನಿಮಗೆ ಉಪಕಾರ ಮಾಡುತ್ತಿಲ್ಲ, ತಮ್ಮ ಮೇಲೆ ಬರಬಹುದಾದ ಹೊಣೆಯನ್ನು ನಿಮಗೆ ದಾಟಿಸುತ್ತಿದ್ದಾರೆ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಅದರಿಂದ ಹೊರಗಿಟ್ಟಿದೆ. ಹೀಗಾಗಿ ದಾಖಲೆ ಸಿಗಬೇಕಾದ ಜಾಗದಲ್ಲಿ ಗಾಳಿಮಾತು ಸಿಗುತ್ತದೆ. ಆದರೂ ಕೇಳಬಹುದಾದ ಒಂದು ಪ್ರಶ್ನೆ ಯಾವಾಗಲೂ ಇದೆ: ಯಾವ ಕಲಮಿನ ಅಡಿಯಲ್ಲಿ ಕರೆಸಿದ್ದೀರಿ? 179 ಎಂದರೆ ‘ಸಾಕ್ಷಿಯಾಗಿ ವಿಚಾರಣೆ’ ಎಂದೇ ಬರೆಯಿರಿ. ಆ ವ್ಯಕ್ತಿಗೆ ಫೋನ್ ಮಾಡಿ, ಅವರ ಮಾತನ್ನು ಅದೇ ವರದಿಯಲ್ಲಿ ಸೇರಿಸಿ, ಸಿಗದಿದ್ದರೆ ಎಷ್ಟು ಹೊತ್ತಿಗೆ ಪ್ರಯತ್ನಿಸಿದಿರಿ ಎಂಬುದನ್ನು ಡೈರಿಯಲ್ಲಿ ಬರೆದಿಡಿ. ಫೋನ್ ಎತ್ತಲಿಲ್ಲವೆಂದರೆ ನಾಪತ್ತೆ ಎಂದರ್ಥವಲ್ಲ. ಬೀದರಿನ ವರದಿಗಾರರಿಗೆ ಮನೆಯ ಬಾಗಿಲು ತಟ್ಟುವಷ್ಟು ಹತ್ತಿರದಲ್ಲಿರುವ ಅನುಕೂಲವಿದೆ, ಬೆಂಗಳೂರಿನ ಡೆಸ್ಕಿಗೆ ಅದಿಲ್ಲ. ಸಣ್ಣ ಸಂಬಳದಲ್ಲಿಯೂ ನಿಮ್ಮ ವರದಿಗೆ ತೂಕ ಬರುವುದು ಈ ಒಂದು ಕಾರಣದಿಂದ.

ಪ್ರಶ್ನೆ: ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನದ ಗೋಷ್ಠಿಯೊಂದಕ್ಕೆ ಆಹ್ವಾನಿಸಿದ್ದ ಸಾಹಿತಿಯೊಬ್ಬರ ಹೆಸರು ಸ್ಫೋಟದ ವರದಿಗಳಲ್ಲಿ ಬಂದಿದೆ. ಅವರು ನಿರಾಕರಿಸಿದ್ದಾರೆ. ಸ್ವಾಗತ ಸಮಿತಿಯ ಕೆಲವರು ಕಾನೂನಿನ ತೊಡಕಾಗಬಹುದು, ಸಭಾಭವನದ ಅನುಮತಿ ರದ್ದಾಗಬಹುದು, ಅವರ ಹೆಸರನ್ನು ಕೈಬಿಡೋಣ ಎನ್ನುತ್ತಾರೆ. ನಿಜವೇ?
(ಸ್ವಾಗತ ಸಮಿತಿಯ ಸದಸ್ಯರು, ಸೇಡಂ)

ಉತ್ತರ: ಕಾನೂನಿನ ತೊಡಕು ಏನೂ ಇಲ್ಲ. ಪೊಲೀಸರು ಸಾಕ್ಷಿಯಾಗಿ ವಿಚಾರಿಸಿದ ವ್ಯಕ್ತಿಗೆ ಸಭೆಯಲ್ಲಿ ಮಾತನಾಡಲು ಯಾವ ನಿರ್ಬಂಧವೂ ಇರುವುದಿಲ್ಲ, ಅವರನ್ನು ಆಹ್ವಾನಿಸಿದವರ ಮೇಲೆಯೂ ಇಲ್ಲ. ದೋಷಾರೋಪ ಪಟ್ಟಿಯಲ್ಲಿ ಹೆಸರಿರುವ ವ್ಯಕ್ತಿ ಕೂಡ ಜಾಮೀನಿನ ಷರತ್ತು ಅಡ್ಡ ಬಾರದಿದ್ದರೆ ವೇದಿಕೆ ಹತ್ತಬಹುದು. ಪತ್ರಿಕಾ ವರದಿಯ ಆಧಾರದ ಮೇಲೆ ಸಭಾಭವನದ ಅನುಮತಿ ರದ್ದಾದರೆ ಲಿಖಿತ ಕಾರಣ ಕೇಳಿ. ಅಗತ್ಯ ಬಿದ್ದರೆ ಕಲಬುರಗಿಯಲ್ಲಿಯೇ ಹೈಕೋರ್ಟ್ ಪೀಠವಿದೆ, ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಹೋಗುವ ಕಾಲ ಮುಗಿದಿದೆ.

ಹೆಸರನ್ನು ಕೈಬಿಡುವುದು ಸಮಿತಿಯ ಅಧಿಕಾರ, ಅದನ್ನು ತಡೆಯುವ ಕಾಯ್ದೆಯಿಲ್ಲ. ಆದರೆ ಕೈಬಿಟ್ಟರೆ ಅದು ಇನ್ನೊಂದು ಸುದ್ದಿಯಾಗುತ್ತದೆ, ಸಾಹಿತ್ಯವಲಯವೇ ಅವರನ್ನು ದೂರವಿಟ್ಟಿದೆ ಎಂದು ನಾಳೆ ಬರೆಯಲು ಆಧಾರವಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಹೆಸರು ಇರಲಿ, ಮೊದಲು ನಿಗದಿಯಾದ ಗೋಷ್ಠಿಯಲ್ಲಿಯೇ, ಮೊದಲು ನಿಗದಿಯಾದ ವಿಷಯದ ಮೇಲೆಯೇ ಅವರು ಮಾತನಾಡಲಿ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅಧ್ಯಕ್ಷರು ಅವರ ಮನೆಗೆ ಖುದ್ದಾಗಿ ಹೋಗಿ, ಬರುತ್ತೀರಲ್ಲವೇ ಸರ್ ಎಂದು ಕೇಳಿ ಬರಲಿ. ವೇದಿಕೆಯ ಮೇಲೆ ಪ್ರಕರಣದ ಬಗ್ಗೆ ಪ್ರಶ್ನೆ ತೆಗೆಯುವುದಿಲ್ಲವೆಂದು ನಿರೂಪಕರಿಗೂ ಸಂವಾದದಲ್ಲಿ ಭಾಗವಹಿಸುವವರಿಗೂ ಮುಂಚೆಯೇ ತಿಳಿಸಿ. ತನಿಖೆ ನಡೆಯುತ್ತಿರುವಾಗ ಆ ಬಗ್ಗೆ ಸಾರ್ವಜನಿಕವಾಗಿ ಮಾತನಾಡದಿರುವುದು ಅವರಿಗೂ ನಿಮಗೂ ಕ್ಷೇಮ.